ಟ್ಯಾಂಕಿಗೆ ತನ್ನ ಹೆಸರು ಗೊತ್ತು

ಡೆನ್ನಾರ್ ಮೋಟಾರ್ ಸೈಕಲ್ಲಿನ ಹೆಸರಿನಲ್ಲಿ ಎನ್ ಅಕ್ಷರ ಒಂದೋ ಎರಡೋ ಎಂಬ ಜಗಳ ನನಗೆ ಮೀಸೆ ಮೂಡುವ ಮೊದಲೇ ನಮ್ಮ ಗ್ಯಾರೇಜ್ ಸಾಲಿನಲ್ಲಿ ಶುರುವಾಗಿತ್ತು. ಮೀಸೆ ನರೆತರೂ ಅದು ಮುಗಿದಿರಲಿಲ್ಲ. ಕಂಪನಿ ಬಾಗಿಲು ಹಾಕಿ ಒಂದು ತಲೆಮಾರು ಕಳೆದಿತ್ತು; ಕೇಳುವ ಕಿವಿ ನೂರಿದ್ದರೂ ಹೇಳುವ ಬಾಯಿ ಒಂದೂ ಉಳಿದಿರಲಿಲ್ಲ. ಎಂಜಿನ್ನಿನ ಮೇಲೆ ಅಚ್ಚೊತ್ತಿದ ಹೆಸರಿನಲ್ಲಿ ಒಂದು ಎನ್, ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಎರಡು. ಇಟ್ಟವರೇ ಗೊಂದಲದಲ್ಲಿದ್ದರೆ ಕರೆಯುವವರು ಏನು ಮಾಡಬೇಕು? ಹಳೇ ಗಾಡಿ ಸಾಕುವವರು ಭೂತಗನ್ನಡಿ ಹಿಡಿದು ಬರುತ್ತಿದ್ದರು. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಎಲ್ಲರೂ ಬಂದು ನಿಲ್ಲುತ್ತಿದ್ದದ್ದು ಎಡಚನ ಅಂಗಡಿಯ ಮುಂದೆ.

ಎಡಚ ಬೋರ್ಡಿಗೂ ಗಾಡಿಯ ಟ್ಯಾಂಕಿಗೂ ಅಕ್ಷರ ಬರೆಯುವವನು. ಅವನ ಅಂಗಡಿಗೂ ನನ್ನ ಎಂಜಿನ್ ರಿಪೇರಿ ಅಂಗಡಿಗೂ ನಡುವೆ ಒಂದು ಇಟ್ಟಿಗೆಯ ಗೋಡೆ; ಅದರಲ್ಲೂ ಸ್ಪ್ಯಾನರ್ ದಾಟಿಸುವಷ್ಟು ಕಿಂಡಿ. ಮೂವತ್ತು ವರ್ಷ ಆ ಕಿಂಡಿಯಲ್ಲೇ ನಮ್ಮ ಸ್ನೇಹ ನಡೆದದ್ದು. ಅವನಿಗೆ ಕೆಲಸ ಕಲಿಸಿದ ಬೋರ್ಡಿನ ಮೇಷ್ಟ್ರು ಎಡಗೈಯನ್ನು ಸ್ಟೂಲಿಗೆ ಕಟ್ಟಿ ಬಲಗೈಯಲ್ಲೇ ಬರೆಸುತ್ತಿದ್ದರಂತೆ. ಮೇಷ್ಟ್ರು ಊಟಕ್ಕೆ ಹೋದಾಗ ಇವನು ಗಂಟು ಬಿಚ್ಚಿಕೊಂಡು ಎಡಗೈಯಲ್ಲಿ ಬರೆಯುವುದು. ಹಸಿ ಬಣ್ಣ ಕೈಗೆ ತಾಗಬಾರದೆಂದು ಅಕ್ಷರದ ಪ್ರತಿ ಕಂಬವನ್ನೂ, ಅಂದರೆ ನೆಟ್ಟಗಿನ ಗೆರೆಯನ್ನು, ಬುಡದಿಂದ ತಲೆಗೆ ಎಳೆಯುವುದು. ಎಲ್ಲರೂ ತಲೆಯಿಂದ ಬುಡಕ್ಕೆ ಎಳೆಯುತ್ತಾರೆ. ಕುಂಚ ಎತ್ತುವ ಕಡೆ ಬಣ್ಣ ಸಾಸಿವೆಯಷ್ಟು ಗಂಟಾಗಿ ನಿಲ್ಲುತ್ತದೆ, ಅಕ್ಷರದ ಪಾದದಲ್ಲಿ. ಎಡಚನ ಅಕ್ಷರದಲ್ಲಿ ಆ ಗಂಟು ನೆತ್ತಿಯಲ್ಲಿ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ.

ಎನ್ ಎಷ್ಟು ಎಂದು ಕೇಳಿದರೆ ಅವನು ಪುಸ್ತಕ ನೋಡುವವನಲ್ಲ. ಪೆಟ್ರೋಲ್ ಟ್ಯಾಂಕನ್ನು ತೊಡೆಯ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡು, ನೀರು ಚಿಮುಕಿಸಿ, ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಕಣ್ಣು ಮುಚ್ಚಿ ಮೂರು ಬೆರಳು ಆಡಿಸುತ್ತಿದ್ದ. ಮೇಲೆ ಎಷ್ಟು ಪದರ ಬಣ್ಣ ಬಿದ್ದಿದ್ದರೂ ಮೊದಲು ಬರೆದ ಅಕ್ಷರದ ಅಂಚು ಕೂದಲೆಳೆಯಷ್ಟು ಎದ್ದೇ ಇರುತ್ತದೆ. ಅಲ್ಲಿ ಒಂದಿದ್ದರೆ ಒಂದು, ಎರಡಿದ್ದರೆ ಎರಡು.

"ಟ್ಯಾಂಕಿಗೆ ತನ್ನ ಹೆಸರು ಗೊತ್ತು. ನಡುವೆ ನಾನ್ಯಾಕೆ ಪಂಡಿತ ಆಗ್ಲಿ?" ಅನ್ನುತ್ತಿದ್ದ.

ಮದುವೆಯಾಗಲಿಲ್ಲ. ಅಣ್ಣನ ಮನೆಯಲ್ಲಿ ಅತ್ತಿಗೆಯ ಕೈಯಡುಗೆ ಉಂಡುಕೊಂಡಿದ್ದ. ಅಣ್ಣ ಹೊಲಿಗೆ ಯಂತ್ರ ರಿಪೇರಿ ಮಾಡುವವನು, ಡೆನ್ನಾರ್ ಗಾಡಿಗೆ ಸಾಮಾನಿನ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದ. ಹತ್ತೊಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಹೊಳೆಯಾಚೆಯ ಊರಿಗೆ ಹೊರಟವನು ಅಲ್ಲಿಗೆ ತಲುಪಲಿಲ್ಲ, ಇಲ್ಲಿಗೆ ಮರಳಲಿಲ್ಲ. ಹುಡುಕದ ಜಾಗವಿಲ್ಲ. ಗಾಡಿಯ ಒಂದು ಮೊಳೆಯೂ ಸಿಗಲಿಲ್ಲ.

ಅತ್ತಿಗೆ ಅಳಲಿಲ್ಲ. ಹೊರಟ ದಿನ ಅವನು ಶೂ ಹಾಕಿಕೊಂಡು ಚಪ್ಪಲಿ ಬಿಟ್ಟು ಹೋಗಿದ್ದ. ಆ ಚಪ್ಪಲಿ ಬಾಗಿಲ ಬಳಿ ಹಾಗೇ ಇತ್ತು, ಎರಡು ವಾರಕ್ಕೊಮ್ಮೆ ಎಣ್ಣೆ ಸವರುತ್ತಿದ್ದಳು. ಪ್ರತಿ ಬುಧವಾರ ಅವನ ಒಂದು ಅಂಗಿ ಇಸ್ತ್ರಿ ಆಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಅವಳು ಬೀದಿ ದಾಟುತ್ತಿರಲಿಲ್ಲ. ಅಂಗಡಿ ಸಾಮಾನಿಗೆ ಎಡಚ, ವೈದ್ಯರು ಬೇಕಾದರೆ ಅವರೇ ಮನೆಗೆ. "ನಾನು ಹೋದಾಗ್ಲೇ ಅವ್ರು ಬಂದು, ಬಾಗಿಲು ಹಾಕಿರೋದು ನೋಡಿ ಹಿಂದಕ್ಕೆ ಹೋದ್ರೆ?" ಎನ್ನುತ್ತಿದ್ದಳು. ಹೊಳೆಯಾಚೆ ಬಸ್ಸಿನಲ್ಲಿ ಅರ್ಧ ದಿನದ ದೂರದಲ್ಲಿ ಅವಳ ತಾಯಿ ಇದ್ದರು. ಕಣ್ಣು ಹೋಗಿತ್ತು, ಹಾಸಿಗೆ ಹಿಡಿದು ವರ್ಷವಾಗಿತ್ತು. ಮಗಳನ್ನು ಒಮ್ಮೆ ಮುಟ್ಟಿ ನೋಡಬೇಕೆಂದು ಹೇಳಿ ಕಳಿಸುತ್ತಲೇ ಇದ್ದರು. ಇವಳು ಹೊಸಿಲು ಬಿಟ್ಟು ಕದಲಲಿಲ್ಲ.

ಒಂದು ಸೋಮವಾರ ಹಳೇ ಗಾಡಿ ಸಾಕುವ ಕನ್ನಡಕದವನೊಬ್ಬ ಗೋಣಿಚೀಲದಲ್ಲಿ ಡೆನ್ನಾರ್ ಟ್ಯಾಂಕು ತಂದ. ಗುಜರಿಯಲ್ಲಿ ಸಿಕ್ಕಿದ್ದು. ಮೇಲೆಲ್ಲ ಗೋಡೆಗೆ ಬಳಿದ ಹಾಗೆ ಹಸಿರು ಬಣ್ಣ.

"ಕಪ್ಪು ಹೊಡೆದು ಕೆಂಪಲ್ಲಿ ಹೆಸರು ಬರೀಬೇಕು. ಎರಡು ಎನ್ ಹಾಕು," ಅಂದ.

"ಟ್ಯಾಂಕನ್ನ ಕೇಳಿ ಹಾಕ್ತೀನಿ," ಎಂದ ಎಡಚ.

"ಅದನ್ನೇನು ಕೇಳೋದು ಮಾರಾಯ? ನಮ್ಮ ಕ್ಲಬ್ಬಲ್ಲಿ ಕೈ ಎತ್ತಿಸಿ ತೀರ್ಮಾನ ಮಾಡಿದ್ದೀವಿ. ಎರಡು ಅಂದ್ರೆ ಎರಡು."

"ಕೈ ಎತ್ತಿದವರಲ್ಲಿ ಟ್ಯಾಂಕು ಇರ್ಲಿಲ್ಲವಲ್ಲ!" ಎಂದು ನಾನು ಕಿಂಡಿಯಿಂದ ಕೂಗಿದೆ. ಅವನು ನಗುತ್ತ ಹೋದ.

ಮಟಮಟ ಮಧ್ಯಾಹ್ನ. ರಸ್ತೆಯಲ್ಲಿ ನಾಯಿಯೂ ಇಲ್ಲ. ಗೋಡೆಯಾಚೆ ಉಪ್ಪುಕಾಗದದ ಸದ್ದು ಸರ್ ಸರ್ ಎಂದು ಬರುತ್ತಿದ್ದದ್ದು ನಿಂತಿತು. ಕಿಂಡಿಯಲ್ಲಿ ನೋಡಿದರೆ ಎಡಚ ಕಣ್ಣು ಮುಚ್ಚಿ ಕೂತಿದ್ದಾನೆ, ಮೂರು ಬೆರಳು ಟ್ಯಾಂಕಿನ ಮೇಲೆ ಅಂಟಿದ ಹಾಗಿವೆ, ತುಟಿ ಬಿಳಿಚಿದೆ.

"ಏನೋ, ನಿದ್ದೆ ಹೋದ್ಯಾ?"

"ಬಾ ಇಲ್ಲಿ. ಬೆರಳು ಕೊಡು," ಅಂದ.

ನನ್ನ ಬೆರಳನ್ನು ತಾನೇ ಹಿಡಿದು ಆಡಿಸಿದ. ಒಂದು ಮಗ್ಗುಲು ತುಕ್ಕು ತಿಂದಿತ್ತು. ಈ ಮಗ್ಗುಲಲ್ಲಿ ಅಕ್ಷರದ ಅಂಚು ಸಿಕ್ಕಿತು. ಎನ್ ಒಂದೇ. ಬೆರಳು ಮೇಲಕ್ಕೆ ಹೋಯಿತು. ಪ್ರತಿ ಕಂಬದ ನೆತ್ತಿಯಲ್ಲೂ ಒಂದೊಂದು ಸಾಸಿವೆ.

ನಾನು ಬೆರಳು ಹಿಂದಕ್ಕೆಳೆದುಕೊಂಡೆ. "ನೀನು ಬರೆದ ಟ್ಯಾಂಕು ಊರಲ್ಲಿ ನೂರಿವೆಯಲ್ಲೋ," ಅಂದೆ.

"ಅವುಗಳ ತಳದಲ್ಲಿ ಕಂಪನಿ ಅಕ್ಷರ ಇದೆ. ಬೋಳು ಟ್ಯಾಂಕಿಗೆ ಮೊದಲ ಹೆಸರು ನಾನು ಬರೆದದ್ದು ಒಂದೇ, ಮೇಷ್ಟ್ರು ಊಟಕ್ಕೆ ಹೋಗಿದ್ದಾಗ. ಅಣ್ಣಂದು. 'ಎಷ್ಟು ಹಾಕ್ಲೋ' ಅಂದ್ರೆ, 'ನಿಮ್ಮತ್ತಿಗೇನ ಕೇಳು' ಅಂದಿದ್ದ. ಅವಳು, 'ಒಂದೇ ಸಾಕು, ಎರಡಾದ್ರೆ ಜಗಳ ಆಡ್ತವೆ' ಅಂದಿದ್ಲು."

ಟ್ಯಾಂಕಿನ ಒಳಗು ತೊಳೆಯುವುದು ನನ್ನ ಪಾಲಿನ ಕೆಲಸ. ಮುಚ್ಚಳ ಬಿಚ್ಚಿ, ನೀರು ತುಂಬಿ, ಕುಲುಕಿ, ಬಾಂಡ್ಲಿಗೆ ಬಗ್ಗಿಸಿದೆ. ಪೆಟ್ರೋಲಿನ ವಾಸನೆ ಇಲ್ಲ. ಸಣ್ಣ ಮರಳು ಬಂತು, ಕಪ್ಪು ಕೆಸರು ಬಂತು, ಅದರ ಹಿಂದೆ ಉಗುರಿನಷ್ಟು ಚಿಕ್ಕ ಬಿಳೀ ಶಂಖಹುಳದ ಚಿಪ್ಪುಗಳು. ಹೊಳೆಯ ತಳದಲ್ಲಿ ಇರುವಂಥವು. ಎಣಿಸಲು ಹೋಗಲಿಲ್ಲ.

ಗುಜರಿಯವನನ್ನು ಕೇಳಲು ನಾನೇ ಹೋದೆ. ಹೊಳೆಯಲ್ಲಿ ಮರಳೆತ್ತುವವರ ಬಕೆಟ್ಟಿಗೆ ಸಿಕ್ಕಿದ್ದು, ಹಳೆಯ ತಗ್ಗು ಸೇತುವೆಯ ಕೆಳಗೆ, ಎಂದ. ತುಕ್ಕು ಕಾಣದಿರಲೆಂದು ಹಸಿರು ಬಳಿದದ್ದು ತಾನೇ ಅಂತೆ. ಬೇರೇನು ಸಿಕ್ಕಿತು ಎಂದು ಕೇಳದೆ ಮರಳಿದೆ.

ಆ ರಾತ್ರಿ ಊಟಕ್ಕೆ ಎಡಚ ನನ್ನನ್ನೂ ಎಳೆದುಕೊಂಡು ಹೋದ. ಒಬ್ಬನೇ ಅವಳ ಮುಖ ನೋಡಲಾರ. ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು.

"ಕೈ ತೊಳ್ಕೊಂಡು ಬಂದಿಲ್ವೇನೋ? ಬೆಳಿಗ್ಗೆಯಿಂದ ಮನೆ ತುಂಬ ಕೆಸರಿನ ವಾಸನೆ," ಅಂದಳು. ಆಮೇಲೆ ಬಗ್ಗಿ ಅವನ ಅಣ್ಣನ ಚಪ್ಪಲಿ ಎತ್ತಿ ತೋರಿಸಿದಳು. "ಇದು ನೋಡು, ಒದ್ದೆ ಆಗಿದೆ. ನೀನೇನಾದ್ರೂ ಮೆಟ್ಟಿದ್ಯಾ?"

"ನಾನ್ಯಾಕೆ ಮೆಟ್ಲಿ ಅತ್ತಿಗೆ?"

"ಮತ್ತೆ ಯಾರು ಮೆಟ್ಟಿದ್ರು?" ಎಂದು ಅವಳು ಸುಮ್ಮನೆ ಕೇಳಿದಳು, ಉಪ್ಪು ಸಾಕೇ ಎಂದು ಕೇಳುವ ಹಾಗೆ.

ನೆಲ ಒರೆಸಿದ ನೀರು ಇರಬಹುದು. ನಾನು ಹಾಗೇ ಅಂದುಕೊಂಡೆ. ಎಡಚ ಅರ್ಧ ಊಟಕ್ಕೇ ಕೈ ತೊಳೆದ.

ಹೇಳಿದರೆ ಅವಳು ಹತ್ತೊಂಬತ್ತು ವರ್ಷ ಹಿಡಿದುಕೊಂಡು ನಿಂತ ಕಂಬವನ್ನು ಅವನೇ ಕಡಿದಂತೆ. ಹೇಳದಿದ್ದರೆ ತಾಯಿ ಮಗಳನ್ನು ಮುಟ್ಟದೆ ಕಣ್ಣು ಮುಚ್ಚುತ್ತಾರೆ. ಇತ್ತ ದರಿ, ಅತ್ತ ಪುಲಿ. ಎಡಚ ಹೇಡಿಯ ದಾರಿ ಹಿಡಿದ. ಅವನೇ ಆಮೇಲೆ ಹಾಗೆಂದ. ಆ ರಾತ್ರಿಯೇ ತುಕ್ಕು ತಿಂದ ಕುಳಿಗಳನ್ನು ತುಂಬಿ, ಕಪ್ಪು ಬಣ್ಣ ಹೊಡೆದು, ತನ್ನ ಜನ್ಮದಲ್ಲಿ ಮೊದಲ ಸಲ ಟ್ಯಾಂಕಿನ ಮಾತು ಮೀರಿ ಎರಡು ಎನ್ ಹಾಕಿ ಬರೆದ. ಕನ್ನಡಕದವ ತಗೊಂಡು ಹೋದರೆ ಸಾಕು, ಯಾರಿಗೂ ಗೊತ್ತಾಗುವುದಿಲ್ಲ ಎಂದು.

ಮರುದಿನ ಮಧ್ಯಾಹ್ನ ಬಣ್ಣ ಒಣಗಿತ್ತು. ಹೊಸ ಅಕ್ಷರದ ಪಕ್ಕದಲ್ಲಿ, ಬೆರಳಗಲ ಓರೆಯಾಗಿ, ಕಪ್ಪಿನ ಒಳಗಿಂದ ಕೆಂಪಗೆ ಇನ್ನೊಂದು ಹೆಸರು ಎದ್ದಿತ್ತು. ಎನ್ ಒಂದೇ. ಹಳೇ ಕೆಂಪು ಬಣ್ಣ ಮೇಲಿನ ಪದರಕ್ಕೆ ಒಸರುವುದುಂಟು, ನಮ್ಮ ಕಸುಬಿನವರಿಗೆ ಅದು ಹೊಸದಲ್ಲ. ಅವನು ಉಜ್ಜಿ, ಒಸರು ತಡೆಯುವ ಅಲ್ಯೂಮಿನಿಯಂ ಬಣ್ಣ ಬಳಿದು, ಮತ್ತೆ ಕಪ್ಪು ಹೊಡೆದ. ಬುಧವಾರ ಮತ್ತೆ ಎದ್ದಿತು. ಆ ಬಣ್ಣ ದಾಟಿ ಒಸರಿದ್ದನ್ನು ನಾನು ಅದರ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಪುಸ್ತಕ ಓದಿದವರು ಕಾರಣ ಹೇಳಲಿ, ನಾನು ಕೇಳುತ್ತೇನೆ.

ಅದೇ ಹೊತ್ತಿಗೆ ಕನ್ನಡಕದವ ಬಂದ.

"ಎರಡು ಹಾಕು ಅಂದಿದ್ನಲ್ಲಯ್ಯ!"

"ಎರಡೇ ಹಾಕಿದ್ದೆ," ಎಂದ ಎಡಚ. "ಅದು ಒಪ್ಪಲ್ಲ ಅನ್ನುತ್ತೆ."

ನಾನು ಎಲ್ಲ ಹೇಳಿದೆ. ಟ್ಯಾಂಕಿನ ಮೇಲೆ ಊರಿದ್ದ ಕೈಯನ್ನು ಅವನು ಮೆಲ್ಲಗೆ ಎತ್ತಿಕೊಂಡ, ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡ. "ನನಗೆ ಬೇಡ," ಎಂದು ಮೆಟ್ಟಿಲಿಳಿದವನು ಮತ್ತೆ ಆ ಸಾಲಿಗೆ ಬರಲಿಲ್ಲ.

ಸಂಜೆಗೆ ಹೊಳೆಯಾಚೆಯಿಂದ ಫೋನು ಬಂತು: ಅತ್ತಿಗೆಯ ತಾಯಿ ನೀರು ಬಿಟ್ಟು ಏನೂ ತಗೊಳ್ಳುತ್ತಿಲ್ಲ, ನಾಳೆಯೋ ನಾಡಿದ್ದೋ. ಎಡಚ ಟ್ಯಾಂಕನ್ನು ಗೋಣಿಯಲ್ಲಿ ಸುತ್ತಿ ಹೆಗಲಿಗೇರಿಸಿದ. ನಾನು ಹಿಂದೆ ನಡೆದೆ.

ಅತ್ತಿಗೆ ಇಸ್ತ್ರಿ ಪೆಟ್ಟಿಗೆ ಹಿಡಿದಿದ್ದಳು. ಅವನು ಟ್ಯಾಂಕನ್ನು ಮೇಜಿನ ಮೇಲಿಟ್ಟು ಗೋಣಿ ತೆಗೆದ. ಅವಳು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಹತ್ತಿರ ಬಂದು ಕೆಂಪು ಅಕ್ಷರ ನೋಡಿದಳು, ಅಂಗೈಯಿಂದ ಸವರಿದಳು.

"ಬಂದ್ರಲ್ಲ," ಅಂದಳು.

"ಅತ್ತಿಗೆ, ಇದು ಹೊಳೇಲಿ..."

"ನಾನು ಕೇಳಿದ್ನಾ?" ಅವಳು ಅವನ ಬಾಯಿಗೆ ಕೈ ಅಡ್ಡ ಹಿಡಿದಳು. "ಎಲ್ಲಿದ್ರು ಅಂತ ನಾನು ಕೇಳಿದ್ನಾ? ಬಂದ್ರು, ಸಾಕು. ಅಮ್ಮನ್ನ ನೋಡ್ಕೊಂಡು ಬರೋಣ, ಬೀಗ ಎಲ್ಲಿದೆ ಹುಡುಕು."

ಆ ಮನೆಯಲ್ಲಿ ಬೀಗವೇ ಇರಲಿಲ್ಲ. ನನ್ನ ಅಂಗಡಿಯದ್ದು ತಂದು ಹಾಕಿದೆವು.

ಗುರುವಾರ ಬೆಳಗಿನ ಬಸ್ಸಿಗೆ ಮೂವರೂ ಹತ್ತಿದೆವು. ಮೂವರು ಎಂದು ನಾನು ಹೇಳುತ್ತೇನೆ. ಕಂಡಕ್ಟರ್ ಟಿಕೆಟ್ ಕೇಳಿದಾಗ ಅವಳು "ನಾಲ್ಕು" ಅಂದಳು. ಅವನು ನಮ್ಮನ್ನೆಲ್ಲ ನೋಡಿ, ಅವಳ ಮುಖ ನೋಡಿ, ನಾಲ್ಕೇ ಹರಿದ. ಅವಳ ಮಡಿಲಲ್ಲಿ ಟ್ಯಾಂಕು, ಅದಕ್ಕೆ ಇಸ್ತ್ರಿ ಮಾಡಿದ ಅಂಗಿ ಸುತ್ತಿದ್ದಳು. ಹೊಳೆಗೆ ಈಗ ಎತ್ತರದ ಹೊಸ ಸೇತುವೆ. ಬಸ್ಸು ಅದರ ನಡುವೆ ಬಂದಾಗ ಟ್ಯಾಂಕಿನೊಳಗೆ ನೀರು ಕುಲುಕಿದ ಸದ್ದು ಕೇಳಿತು. ನಾನು ಅದನ್ನು ಮೂರು ಸಲ ಬಿಸಿಲಿಗಿಟ್ಟು ಒಣಗಿಸಿದ್ದೆ, ನನ್ನ ಕೈಯಾರೆ. ಎಡಚನೂ ಕೇಳಿಸಿಕೊಂಡ, ನನ್ನ ಮೊಣಕೈ ಹಿಡಿದದ್ದು ಆಚೆ ದಡ ಮುಟ್ಟುವ ತನಕ ಬಿಡಲಿಲ್ಲ. ಅವಳು ಮಾತ್ರ ಮಗು ತಟ್ಟುವ ಹಾಗೆ ತಟ್ಟುತ್ತ, "ದಾಟಿ ಆಯ್ತು, ದಾಟಿ ಆಯ್ತು," ಅನ್ನುತ್ತಿದ್ದಳು.

ತಾಯಿಗೆ ಇನ್ನೂ ಎಚ್ಚರವಿತ್ತು. ಕಿಟಕಿಯಿಲ್ಲದ ಸಣ್ಣ ಕೋಣೆ, ಔಷಧಿಯ ವಾಸನೆ. ಮಗಳ ಮುಖವನ್ನು ಹಣೆಯಿಂದ ಗದ್ದದವರೆಗೆ ಮುಟ್ಟಿ ನೋಡಿದರು.

"ಬಂದ್ಯಾ ಮಗಳೇ. ಒಬ್ಬಳೇ ಬಂದ್ಯಾ?"

"ಇಲ್ಲಮ್ಮ. ಇವರೂ ಬಂದಿದ್ದಾರೆ," ಎಂದಳು ಅತ್ತಿಗೆ, ಟ್ಯಾಂಕನ್ನು ಹಾಸಿಗೆಯ ಅಂಚಿಗಿಟ್ಟಳು.

ಮುದುಕಿಯ ಕೈ ತಡಕಾಡಿ ಅದರ ಮೇಲೆ ಬಂದು ನಿಂತಿತು. ಅಂಗಿಯ ಮೇಲೆ, ಭುಜದ ಹಾಗೆ ಉಬ್ಬಿದ ಕಡೆ. ಎಡಚ ಗೋಡೆಗೆ ಒರಗಿದ.

"ಅಯ್ಯೋ, ಅಳಿಯಂದಿರ ಮೈ ಯಾಕೆ ಇಷ್ಟು ತಣ್ಣಗಿದೆ?" ಅಂದರು. "ಏನಾದ್ರೂ ಹೊದಿಸೇ. ಪಾಪ, ಎಷ್ಟು ಹೊತ್ತಿಂದ ಹೀಗಿದ್ದಾರೋ."

ಅತ್ತಿಗೆ ಕಂಬಳಿ ತಂದಳು. ಹೊದಿಸಲು ಬಗ್ಗಿದವಳು ಅರ್ಧಕ್ಕೇ ನಿಂತಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಅತ್ತದ್ದು ಆಗ, ತಾಯಿಯ ಹಾಸಿಗೆಗೆ ತಲೆಯಿಟ್ಟು, ಗಂಟಲು ಹರಿಯುವ ಹಾಗೆ. ಮುದುಕಿ ಒಂದು ಕೈಯಿಂದ ಅವಳ ಬೆನ್ನು ಸವರುತ್ತ, ಇನ್ನೊಂದು ಕೈಯಿಂದ ತಾವೇ ಕಂಬಳಿಯನ್ನು ಟ್ಯಾಂಕಿನ ಮೇಲಕ್ಕೆ ಎಳೆದರು.