ಪೂರ್ವಕ್ಕೆ ಹರಿದ ಹಾಲು

ತುಮಕೂರಲ್ಲಿ ಹನ್ನೆರಡನೇ ಮಹಡಿಯ ನಮ್ಮ ಹೊಸ ಫ್ಲ್ಯಾಟನ್ನ ಪರೀಕ್ಷೆ ಮಾಡಿ ಒಪ್ಪಿಕೊಂಡವನು ನಾನೇ. ಯೂಟ್ಯೂಬ್ ನೋಡಿ ಪಂಡಿತನಾಗಿದ್ದೆ. ಟೈಲ್ಸನ್ನೆಲ್ಲ ತೆಂಗಿನಕಾಯಿ ಥರ ಕುಟ್ಟಿ ಸದ್ದು ಕೇಳಿದೆ. ಅಡುಗೆಮನೆ ಕಟ್ಟೆ ಮೇಲೆ ಮೊಬೈಲ್ ಇಟ್ಟು ಮಟ್ಟ ನೋಡಿದೆ. ಸೈಟ್ ಎಂಜಿನಿಯರು ಆಕಳಿಸ್ತಿದ್ರೂ ಬಿಡದೆ ಎರಡು ಗಂಟೆ ಕಾಡಿ, ಕೊನೆಗೆ "ಕೆಲಸ ಪರವಾಗಿಲ್ಲ" ಅಂತ ದೊಡ್ಡ ಮನಸ್ಸು ಮಾಡಿ ಸಹಿ ಹಾಕಿದೆ.

ಗೃಹಪ್ರವೇಶದ ದಿನ ಹೆಂಡತಿ ಹಾಲು ಉಕ್ಕಿಸಿದಳು. ಉಕ್ಕಿದ ಹಾಲು ಕಟ್ಟೆ ಮೇಲೆ ಸೀದಾ ಪೂರ್ವಕ್ಕೆ ಹರಿಯಿತು.

"ಪೂರ್ವಕ್ಕೇ ಹೋಯ್ತು, ಬಹಳ ಶುಭ!" ಅಂದ್ರು ಪುರೋಹಿತರು. ನೆಂಟರೆಲ್ಲ ಕೈಮುಗಿದರು.

ನಿಟ್ಟೂರಿಂದ ಬಂದಿದ್ದ ಸೋದರತ್ತೆ ಮಾತ್ರ ಒರೆಸೋ ಬಟ್ಟೆ ಹಿಡಿದು ನನ್ನ ಕಿವಿ ಹತ್ರ ಬಂದ್ರು. "ಶುಭ ಸರಿ ಕಣೋ. ಸಿಂಕು ಇರೋದು ಪಶ್ಚಿಮಕ್ಕಲ್ವಾ? ಪಾತ್ರೆ ತೊಳೆದ ನೀರೂ ಹಿಂಗೇ ಒಲೆ ಕಡೆ ಬರುತ್ತಲ್ಲೋ!"

"ಮೊಬೈಲಲ್ಲಿ ಮಟ್ಟ ಸರಿಯಾಗೇ ಇತ್ತು ಅತ್ತೆ."

"ಹಂಗಾದ್ರೆ ಪಾತ್ರೇನೂ ಮೊಬೈಲಲ್ಲೇ ತೊಳ್ಕೋ, ಬುಡು."

ಅವತ್ತಿಂದ ನಮ್ಮ ಮನೇಲಿ ದಿನಕ್ಕೆ ಮೂರು ಸಲ ನೀರು ಪೂರ್ವಕ್ಕೆ ಹರಿದು ಶುಭವಾಗ್ತಿದೆ. ಒರೆಸೋ ಕೆಲಸ ಸಹಿ ಹಾಕಿದವನದು.