ಪಾನ್ ಬಂತೆಂದರೆ ಏಳಬೇಕು

ಊಟ ಮುಗಿದ ಮೇಲೆ ಯಾರಾದರೂ ಎಲೆ ಅಡಿಕೆಯ ತಟ್ಟೆ ನನ್ನ ಮುಂದೆ ಹಿಡಿದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಮದುವೆ ಮನೆಯಲ್ಲಿ ಬೀಗರ ಎದುರಿಗೇ ಮುಖ ಗಂಟು ಹಾಕಿಕೊಂಡು ಒಲ್ಲೆ ಅಂದುಬಿಡುತ್ತೇನೆ. ನನ್ನ ಹೆಂಡತಿ ಬೈದು ಬೈದು ಸಾಕಾಗಿ ಈಗ ಸುಮ್ಮನಾಗಿದ್ದಾಳೆ. ಪಾಪ, ಎಲೆಯದೇನು ತಪ್ಪು? ತಪ್ಪೆಲ್ಲ ಬೀದರಿನ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಸೆಕ್ರೆಟರಿಯಾಗಿದ್ದ ವಕೀಲರದು.

ನಮ್ಮ ಕ್ಲಬ್ಬು ಅನ್ನುತ್ತೇನೆ. ನಮ್ಮದು ಅದು ಹೇಗಾಯಿತೋ. ಚೆಂಡು ಅವರದು, ಗೋಲಿನ ಕಂಬ ಅವರದು, ಯಾರನ್ನು ಆಡಿಸಬೇಕು ಯಾರನ್ನು ಬಿಡಬೇಕು ಅನ್ನುವ ಮಾತೂ ಅವರದು. ಅವರು ಅಂದರೆ ಈ ವಕೀಲರು, ಒಬ್ಬ ಜಹಗೀರದಾರರ ಅಳಿಯ, ಒಬ್ಬ ಹತ್ತಿ ವ್ಯಾಪಾರಿ. ಕೂಗಿ ಕೂಗಿ ಹರಿಯುವ ಗಂಟಲು ಮಾತ್ರ ನಮ್ಮದು.

ನಾನು ಭಾಲ್ಕಿ ತಾಲೂಕಿನ ಸಾಯಗಾಂವದವನು. ಬೀದರಿನ ಒಂದು ಶಾಲೆಯಲ್ಲಿ ಮಾಸ್ತರನಾಗಿ, ಊರಂಚಿನ ಚಿದ್ರಿಯಲ್ಲಿ ಒಂದು ಕೋಣೆ ಹಿಡಿದುಕೊಂಡಿದ್ದೆ. ಮ್ಯಾಚಿನ ದಿನ ನನ್ನ ಕೋಣೆಗೆ ಬಂದು ಇಳಿಯುವ ಗೆಳೆಯನೊಬ್ಬ ಇದ್ದ. ಔರಾದ ಕಡೆಯ ಚಿಂತಾಕಿಯವನು, ಕುರಿ ಸಾಕುವ ಮನೆಯವನು. ಕುರಿಗಳನ್ನು ತಮ್ಮನ ಪಾಲಿಗೆ ಬಿಟ್ಟು, ಕಂಬಳಿ ಹೆಗಲಿಗೆ ಹಾಕಿ, ಔರಾದದವರೆಗೆ ನಡೆದು, ಅಲ್ಲಿಂದ ಬಸ್ಸೋ ಲಾರಿಯೋ ಸಿಕ್ಕಿದ್ದು ಹತ್ತಿ ಬರುತ್ತಿದ್ದ. ಆಟದ ಕಾಯಿದೆ ಅವನಿಗೆ ಒಂದೂ ಗೊತ್ತಿರಲಿಲ್ಲ. ಹೇಳಹೋದರೆ ನನಗೇ ಬೈಯುತ್ತಿದ್ದ. ನಮ್ಮವನು ಹೊಡೆದರೆ ಗೋಲು, ಅವರು ಹೊಡೆದರೆ ಮೋಸ, ಮುಗಿಯಿತು.

ನಾವಿಬ್ಬರೂ ಮೈದಾನಕ್ಕೆ ಹೋಗುತ್ತಿದ್ದದ್ದು ಗೋಲಿಯನ್ನು ನೋಡಲಿಕ್ಕೆ. ಗೋಲು ಕಾಯುತ್ತಿದ್ದವನಾದ್ದರಿಂದ ಊರೆಲ್ಲ ಅವನನ್ನು ಗೋಲಿ ಅನ್ನುತ್ತಿತ್ತು, ಕಸುಬಿನಿಂದ ರೈಲು ಸ್ಟೇಷನ್ನಿನ ಟಾಂಗಾವಾಲಾ. ಭಾಲ್ಕಿಯ ರೈಲು ಬಂತೆಂದರೆ ಮ್ಯಾಚಿಗೆ ಬಂದವರನ್ನೆಲ್ಲ ತನ್ನ ಟಾಂಗಾದಲ್ಲೇ ತುಂಬಿಕೊಂಡು ಕೋಟೆಯ ಹತ್ತಿರದ ಮೈದಾನಕ್ಕೆ ತರುತ್ತಿದ್ದ. ಅಲ್ಲಿ ಕುದುರೆಯನ್ನು ಬಿಚ್ಚಿ ಬೇವಿನ ಮರಕ್ಕೆ ಕಟ್ಟಿ, ಸೀಟಿನ ಕೆಳಗಿನ ಹುಲ್ಲಿನ ಚೀಲದಡಿಯಿಂದ ಹಸಿರು ಜರ್ಸಿ ತೆಗೆದು ಕೊಡವಿ, ತೊಟ್ಟುಕೊಂಡು ಗೋಲಿನಲ್ಲಿ ನಿಲ್ಲುತ್ತಿದ್ದ. ಆಟ ಮುಗಿದ ಮೇಲೆ ಮತ್ತೆ ಅದೇ ಟಾಂಗಾ, ಅದೇ ಸ್ಟೇಷನ್ನು. ಅವನದೊಂದು ಹಟವಿತ್ತು. ತಾನು ಚೆಂಡು ತಡೆಯದೆ ಗೋಲು ಬಿಟ್ಟ ದಿನ ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಎಷ್ಟು ಒತ್ತಾಯ ಮಾಡಿದರೂ ಕೈ ಹಿಂದಕ್ಕೆ ತಳ್ಳುತ್ತಿದ್ದ.

ಆಮೇಲೆ ಪೊಲೀಸ್ ಆಕ್ಷನ್ ಆಯಿತು, ನಿಜಾಮರ ರಾಜ್ಯ ಹೋಯಿತು. ಆ ದಿನಗಳಲ್ಲಿ ಏನೇನಾಯಿತು ಎಂದು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಯಾವ ಮನೆಯ ಬಾಗಿಲು ತಟ್ಟಿದರೂ ಒಂದು ಕತೆ ಇದೆ, ಆ ಆಕ್ಷನ್ನಿಗೆ ಮೊದಲಿನದೂ ಇದೆ, ಆಮೇಲಿನದೂ ಇದೆ. ಕ್ಲಬ್ಬಿನ ಮುಸಲ್ಮಾನ ಆಟಗಾರರಲ್ಲಿ ಕೆಲವರು ಹೈದರಾಬಾದಿಗೆ ಹೋದರು, ಕೆಲವರು ಎಲ್ಲಿಗೆ ಹೋದರೋ ಗೊತ್ತಾಗಲಿಲ್ಲ. ಮೈದಾನದಲ್ಲಿ ಹುಲ್ಲು ಬೆಳೆಯಿತು. ಗೋಲಿ ಮಾತ್ರ ಬೀದರಿನಲ್ಲೇ ಉಳಿದ.

ಮರುವರ್ಷ ಸುದ್ದಿ ಬಂತು, ಕ್ಲಬ್ಬು ಮತ್ತೆ ಆಡುತ್ತದಂತೆ, ಗುಲ್ಬರ್ಗಾದ ತಂಡ ಬರುತ್ತದಂತೆ, ಹೊಸದಾಗಿ ಬಂದ ದೊಡ್ಡ ಆಫೀಸರು ಕುರ್ಚಿ ಹಾಕಿಸಿಕೊಂಡು ನೋಡುತ್ತಾರಂತೆ. ನಮಗೆ ಹಬ್ಬವೇ ಆಯಿತು. ಅದರ ಹಿಂದೆಯೇ ಇನ್ನೊಂದು ಸುದ್ದಿ ಬಂತು. ಗೋಲಿನಲ್ಲಿ ನಿಲ್ಲುವವನು ವಕೀಲರ ಅಕ್ಕನ ಮಗ.

ನಾನು ಸ್ಟೇಷನ್ನಿಗೆ ಹೋಗಿ ಗೋಲಿಯನ್ನು ಕಂಡೆ. ಅವನಿಗೆ ಆಗಲೇ ಗೊತ್ತಿತ್ತು. ರೈಲು ಬಂದು ಜನ ಇಳಿಯುತ್ತಿದ್ದರು. ಅವನ ಟಾಂಗಾ ಸಾಲಿನಲ್ಲಿ ಎಲ್ಲರಿಗಿಂತ ಮುಂದಿತ್ತು. ಜನ ಅವನ ಮುಖ ನೋಡುತ್ತಿದ್ದರು, ದಾಟಿ ಹಿಂದಿನ ಟಾಂಗಾಕ್ಕೆ ಹೋಗುತ್ತಿದ್ದರು. ಸ್ಟೇಷನ್ ಖಾಲಿಯಾದ ಮೇಲೆ ಗೋಲಿ ಕುದುರೆಯ ಮುಂದಿನ ಹುಲ್ಲನ್ನು ಚೀಲಕ್ಕೆ ತುಂಬಿದ.

"ಮಾಸ್ತರ್ರ, ನನಗ ಒಂದು ಸಲ ಗೋಲಿನ್ಯಾಗ ನಿಂದ್ರಸ್ರಿ ಸಾಕು," ಅಂದ. "ಊರು ನೋಡ್ಲಿ. ಇಂವ ನಮ್ಮ ಗೋಲಿ ಅಂತ ಒಮ್ಮಿ ಕೂಗ್ಲಿ. ಆಮ್ಯಾಲ ಅವರೇ ನನ್ನ ಟಾಂಗಾ ಹತ್ತತಾರ್ರಿ."

ಇಷ್ಟೇ ಬೇಡಿಕೆ. ಇದನ್ನು ಹಿಡಿದುಕೊಂಡು ನಾನು, ಚಿಂತಾಕಿಯ ಗೆಳೆಯ, ಭಾಲ್ಕಿಯಿಂದ ಬಂದ ನಾಲ್ಕಾರು ಮಂದಿ ವಕೀಲರ ಮನೆಗೆ ಹೋದೆವು. ಅವರು ಬಾಗಿಲ ತನಕ ಬಂದು ಸಲಾಮು ಮಾಡಿ ಕರೆದೊಯ್ದರು. ಶೇರ್ವಾನಿ ಹಳೆಯದೇ, ತಲೆಯ ಮೇಲೆ ನಿಜಾಮರ ಕಾಲದ ಕೆಂಪು ರೂಮಿ ಟೊಪ್ಪಿಗೆಯ ಜಾಗಕ್ಕೆ ಬಿಳಿ ಗಾಂಧಿ ಟೊಪ್ಪಿಗೆ ಬಂದಿತ್ತು. ಬಿಳಿ ಹಾಸಿನ ಮೇಲೆ ಕೂಡಿಸಿ, ಬೆನ್ನಿಗೆ ಲೋಡು ಕೊಟ್ಟು, ಚಹಾ ತರಿಸಿದರು. ನಮ್ಮ ಅಹವಾಲನ್ನು ಕಣ್ಣು ಮುಚ್ಚಿಕೊಂಡು ಕೇಳಿದರು. ನಿಮ್ಮಂಥ ಆಟದ ಬೆಲೆ ಬಲ್ಲ ಕದರುದಾನರು ಇರುವುದರಿಂದಲೇ ಕ್ಲಬ್ಬು ಉಳಿದಿದೆ ಅಂದರು. ಆಮೇಲೆ ಬೆಳ್ಳಿಯ ತಟ್ಟೆಯಲ್ಲಿ ಪಾನ್ ಬಂತು, ಜೊತೆಗೆ ಅತ್ತರು. ಎದ್ದು ನಿಂತು ತಾವೇ ಒಬ್ಬೊಬ್ಬರಿಗೂ ಕೊಟ್ಟರು. ನಾವೂ ಎದ್ದು ನಿಂತು ತೆಗೆದುಕೊಂಡೆವು. ಚಿಂತಾಕಿಯವನು ಎರಡು ತೆಗೆದುಕೊಂಡ. ಬಾಗಿಲ ತನಕ ಬಂದು ಕಳಿಸಿಕೊಟ್ಟರು.

ಚೌಬಾರಾ ಗೋಪುರ ದಾಟುವ ತನಕ ನಾವು ಖುಷಿಯಲ್ಲೇ ಜಗಿಯುತ್ತ ನಡೆದೆವು. ಎಂಥ ದೊಡ್ಡ ಮನುಷ್ಯ ಅಂತ ಮಾತಾಡಿಕೊಂಡೆವು. ಆಗ ಚಿಂತಾಕಿಯವನು ರಸ ಉಗುಳಿ ನನ್ನ ಮುಖ ನೋಡಿದ.

"ಅಲ್ಲೋ ಮಾಸ್ತರಾ, ಅವ್ರು ಏನಂದ್ರು? ಹೂಂ ಅಂದ್ರೋ, ಊಂಹೂಂ ಅಂದ್ರೋ?"

ಏನೂ ಅಂದಿರಲಿಲ್ಲ. ನಡುಬೀದಿಯಲ್ಲಿ ನಿಂತು ಎಲ್ಲರೂ ನೆನಪು ಮಾಡಿಕೊಂಡೆವು, ಒಂದು ಮಾತೂ ಸಿಗಲಿಲ್ಲ. ಮೂಗಿಗೆ ತುಪ್ಪ ಸವರಿ ಕಳಿಸಿದ್ದರು. ಎರಡನೆಯ ಸಲ ಹೋದಾಗ ಹುಷಾರಾಗಿಯೇ ಹೋದೆವು. ಆ ಸಲ ಅವರು ನಮಗೆ ಬಾಯಿ ತೆರೆಯಲಿಕ್ಕೇ ಬಿಡಲಿಲ್ಲ. ಸಾಯಗಾಂವದಲ್ಲಿ ಮಳೆ ಹೇಗಿದೆ, ಜೋಳ ಎಷ್ಟೆತ್ತರ ಬಂತು, ಔರಾದ ಕಡೆ ಕುರಿಗಳಿಗೆ ರೋಗವಂತೆ ಖರೆಯೇ, ಹೀಗೆ ಒಬ್ಬೊಬ್ಬರ ಮನೆಯದೂ ವಿಚಾರಿಸಿದರು. ಕುರಿಯ ಮಾತು ಬಂದ ಕೂಡಲೇ ನಮ್ಮ ಚಿಂತಾಕಿಯವನು ಕರಗಿ ನೀರಾಗಿ ತನ್ನ ಟಗರಿನ ಪುರಾಣ ಹೇಳುತ್ತ ಕೂತ. ಪುರಾಣ ಮುಗಿಯಿತು, ಪಾನ್ ಬಂತು, ನಾವು ಮತ್ತೆ ಬೀದಿಗೆ ಬಂದೆವು. ಗೋಲಿಯ ಹೆಸರೇ ಎತ್ತಿರಲಿಲ್ಲ. ನನಗೆ ಅಳುವಷ್ಟು ಸಿಟ್ಟು ಬಂದಿತ್ತು. ಜಗಳವಾಡುವವರ ಜೊತೆ ಜಗಳವಾಡಬಹುದು. ಕೈಮುಗಿದು ಚಹಾ ಕೊಡುವವರ ಜೊತೆ ಏನು ಮಾಡಬೇಕು? ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ ಆಯಿತು.

ನಮ್ಮ ಶಾಲೆಯಲ್ಲಿ ಉರ್ದು ಕಲಿಸುವ ಹಿರಿಯ ಮಾಸ್ತರರೊಬ್ಬರು ಇದ್ದರು. ಅವರ ಮುಂದೆ ಗೋಳು ಹೇಳಿಕೊಂಡಾಗ ಅವರು ನಕ್ಕುಬಿಟ್ಟರು. ದೊಡ್ಡವರ ಮನೆಯಲ್ಲಿ ಪಾನ್ ಬಂತೆಂದರೆ ಮಾತು ಮುಗಿಯಿತು, ಇನ್ನು ಹೊರಡಿ ಅಂತ ಅರ್ಥವಂತೆ. ಹೈದರಾಬಾದಿನ ದರಬಾರಿನಿಂದ ಬಂದ ರಿವಾಜು. ಕೈಗೆ ತೆಗೆದುಕೊಂಡ ಮೇಲೆ ಒಂದು ಮಾತು ಆಡಿದರೂ ಗಮಾರ ಅನ್ನುತ್ತಾರೆ. ಹಾಗಾದರೆ ತೆಗೆದುಕೊಳ್ಳದೆ ಇದ್ದರೆ ಎಂದು ಕೇಳಿದೆ. ಅವರು ಗಡ್ಡ ಸವರಿಕೊಂಡರು. ಅಂಥದ್ದು ತಾನು ನೋಡಿಲ್ಲ, ಆದರೆ ಅತಿಥಿ ಕೈ ಚಾಚುವ ತನಕ ಯಜಮಾನ ತಟ್ಟೆ ಕೆಳಗಿಡುವ ಹಾಗಿಲ್ಲ, ಅವನೂ ಸಿಕ್ಕಿಬಿದ್ದ ಹಾಗೆಯೇ ಅಂದರು.

ಸರಿ, ದಾರಿ ಸಿಕ್ಕಿತು. ಮೂರನೆಯ ಸಲ ಯಾರೂ ಪಾನ್ ಮುಟ್ಟಬಾರದೆಂದು ಆಣೆ ಮಾಡಿಕೊಂಡೆವು. ಈ ಸಲ ಗೋಲಿಯನ್ನೂ ಕರೆದೊಯ್ಯಬೇಕು, ಎದುರಿಗೆ ಕೂತವನ ಬಗ್ಗೆ ಅಡ್ಡಗೋಡೆಯ ಮೇಲೆ ದೀಪ ಇಡಲಿಕ್ಕೆ ಬರುವುದಿಲ್ಲ, ಇದು ನನ್ನದೇ ಯೋಚನೆ. ಗೋಲಿ ಒಲ್ಲೆ ಅಂದ. ಚಿಂತಾಕಿಯವನು ತೋಳು ಹಿಡಿದು ಎಳೆದುಕೊಂಡೇ ಬಂದ.

ವಕೀಲರು ಗೋಲಿಯನ್ನು ನೋಡಿ ಒಂದು ಗಳಿಗೆ ತಡವರಿಸಿದರು, ಆಮೇಲೆ ಒಳಗೆ ಕರೆದರು. ನಾವೆಲ್ಲ ಹಾಸಿನ ಮೇಲೆ ಕೂತೆವು. ಗೋಲಿ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕದಲ್ಲಿ ಕೂತ. ಚಹಾ ಬರುವ ಮೊದಲೇ ಚಿಂತಾಕಿಯವನು ಶುರು ಮಾಡಿದ. "ವಕೀಲ್‌ಸಾಬ್ರ, ಹೂಂ ಅನ್ರಿ, ಇಲ್ಲ ಊಂಹೂಂ ಅನ್ರಿ. ಎರಡರಾಗ ಒಂದು ಕೇಳದ ನಾವು ಏಳಂಗಿಲ್ರಿ."

"ಕಾಲ ಹ್ಯಾಂಗದ, ಹಾಲಾತ್ ನೋಡ್ಬೇಕಲ್ರಿ," ಅಂದರು ವಕೀಲರು. "ನನಗೇನು ಇಂವ ಬ್ಯಾಡಾಗ್ಯಾನ?"

ಹಾಲಾತು ನಾವೂ ನೋಡಿದ್ದೇವೆ, ನಿಮಗಿಂತ ಹತ್ತಿರದಿಂದ ನೋಡಿದ್ದೇವೆ ಎಂದು ನಾನು ಹೇಳಿದೆ. ಈ ಊರಿನ ಜನ ಅವನ ಹೆಸರು ಹಿಡಿದು ಕೂಗಲಿಕ್ಕೆ ತಯಾರಿದ್ದಾರೆ, ಭಾಲ್ಕಿಯವರು ಇದ್ದಾರೆ, ಔರಾದದವರು ಇದ್ದಾರೆ, ನಿಮಗೆ ಯಾರ ಹೆದರಿಕೆ ಎಂದು ಕೇಳಿದೆ. ಅವರು ಒಳಗೆ ಕೈ ಸನ್ನೆ ಮಾಡಿದರು. ತಟ್ಟೆ ಬಂತು. ಎದ್ದು ನಿಂತು ಮೊದಲು ನನ್ನ ಮುಂದೆ ಹಿಡಿದರು.

ನಾನು ಏಳಲಿಲ್ಲ. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ತಟ್ಟೆ ಚಿಂತಾಕಿಯವನ ಮುಂದೆ ಹೋಯಿತು. ಅವನು ಕಂಬಳಿಯೊಳಗೆ ಕೈ ಸೇರಿಸಿ ಗೋಡೆ ನೋಡುತ್ತ ಕೂತಿದ್ದ. ಭಾಲ್ಕಿಯವರೂ ಹಾಗೆಯೇ ಕೂತಿದ್ದರು. ಅಷ್ಟು ದೊಡ್ಡ ಮನುಷ್ಯ ತಟ್ಟೆ ಹಿಡಿದುಕೊಂಡು ನಡುಮನೆಯಲ್ಲಿ ನಿಂತುಬಿಟ್ಟರು. ಮೊದಲ ಸಲ ಅವರು ನಮ್ಮ ಮುಖಗಳನ್ನು ಸರಿಯಾಗಿ ನೋಡಿದರು. ಬಾಯಿ ತೆರೆದರು. ಏನೋ ಒಂದು ಮಾತು, ಹೂಂ ಆಗಲಿ ಊಂಹೂಂ ಆಗಲಿ, ತುಟಿಯ ತನಕ ಬಂದಿತ್ತು. ಅದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಅಷ್ಟರಲ್ಲಿ ಅವರ ಕಣ್ಣು ಬಾಗಿಲ ಕಡೆ ಹೋಯಿತು. ನಮ್ಮನ್ನೆಲ್ಲ ದಾಟಿ, ಚಪ್ಪಲಿಗಳ ತನಕ ನಡೆದು ಹೋಗಿ, ಸೊಂಟ ಬಗ್ಗಿಸಿ, ತಟ್ಟೆಯಿಂದ ಒಂದು ಪಾನ್ ತಾವೇ ಎತ್ತಿ ಗೋಲಿಯ ಮುಂದೆ ಹಿಡಿದರು.

"ತಗೋರಿ ಮಿಯಾ," ಅಂದರು.

ಆ ಮನೆಯ ಮುಂದೆ ಅವನು ಎಷ್ಟೋ ವರ್ಷ ಟಾಂಗಾ ನಿಲ್ಲಿಸಿದ್ದ. ಒಳಗೆ ಕಾಲಿಟ್ಟಿದ್ದು ಅದೇ ಮೊದಲು. ಆ ಕೈಯಿಂದ ಪಾನ್ ಬಂದದ್ದೂ, ರೀ ಅನ್ನುವ ಮಾತು ಬಂದದ್ದೂ ಅದೇ ಮೊದಲು. ಗೋಲಿ ದಡಬಡಿಸಿ ಎದ್ದ. ಎರಡೂ ಕೈ ಚಾಚಿ ತೆಗೆದುಕೊಂಡು ನೆಲಮುಟ್ಟ ಬಾಗಿ ಸಲಾಮು ಮಾಡಿದ. ಅವನು ಎದ್ದ ಮೇಲೆ ನಾವು ಯಾರ ಸಲುವಾಗಿ ಕೂಡಬೇಕು? ವಕೀಲರು ಬಾಗಿಲ ತನಕ ಬಂದು ಕಳಿಸಿಕೊಟ್ಟರು.

ಹೊರಗೆ ಬಂದ ಕೂಡಲೇ ಚಿಂತಾಕಿಯವನು ಹರಿಹಾಯ್ದ. ನಿನ್ನ ಸಲುವಾಗಿ ಊರು ಬಿಟ್ಟು ಬಂದು ಕೂತೆವು, ನೀನೇ ನಮ್ಮ ಕೈ ಕಡಿದೆ ಅಂತ ಬಾಯಿಗೆ ಬಂದ ಹಾಗೆ ಬೈದ. ನಾನೂ ಸುಮ್ಮನಿರಲಿಲ್ಲ. ಗೋಲಿ ಕುದುರೆಯ ಹೊಟ್ಟೆಪಟ್ಟಿ ಬಿಗಿಯುತ್ತ ನಿಂತಿದ್ದ. ಪಾನ್ ಇನ್ನೂ ಬಾಯಿಗೆ ಹಾಕಿರಲಿಲ್ಲ, ಎಡಗೈಯಲ್ಲೇ ಇತ್ತು.

"ನೀವು ನಾಳಿ ಊರಿಗಿ ಹೋಗ್ತೀರಿ," ಅಂದ. "ನಾ ನಾಳಿ ಇವರನ್ನ ಕೋರ್ಟಿಗಿ ಕರಕೊಂಡು ಹೋಗ್ತೇನಿ. ನನ್ನ ಟಾಂಗಾದಾಗ ಈಗ ದಿನಾ ಕೂಡಾವ್ರು ಇವರೊಬ್ಬರೇ ಅದಾರ್ರಿ."

ನಾವು ಬೈಯುವುದನ್ನು ಬಿಟ್ಟೆವು. ಸಿಟ್ಟು ಮಾತ್ರ ಇಳಿಯಲಿಲ್ಲ, ಯಾರ ಮೇಲೆ ಹಾಕಬೇಕು ಅಂತ ತಿಳಿಯದೆ ಹೊಟ್ಟೆಯಲ್ಲೇ ಉಳಿಯಿತು.

ಮ್ಯಾಚಿನ ದಿನ ಅವನೇ ನನ್ನನ್ನೂ ಚಿಂತಾಕಿಯವನನ್ನೂ ಮೈದಾನಕ್ಕೆ ತಂದ. ಇಳಿಯುವಾಗ ನೋಡಿದೆ, ಹುಲ್ಲಿನ ಚೀಲದ ಕೆಳಗಿಂದ ಹಸಿರು ಜರ್ಸಿಯ ತೋಳು ಹೊರಗೆ ಬಂದಿತ್ತು. ನಾನು ಅದನ್ನು ಒಳಗೆ ತುರುಕಿದೆ. ಅವನು ಕುದುರೆ ಬಿಚ್ಚಿ ಬೇವಿನ ಮರಕ್ಕೆ ಕಟ್ಟಿ, ಹಳೆಯ ರೂಢಿಯಂತೆ ಗೋಲಿನ ಕಡೆಗೇ ನಡೆದ. ಕಂಬದ ಹತ್ತಿರ ಬಂದು, ಸುತ್ತು ಹಾಕಿ, ಹಿಂದೆ ನಮ್ಮ ಜೊತೆ ನಿಂತ.

ವಕೀಲರ ಅಕ್ಕನ ಮಗ ಕೆಟ್ಟವನಲ್ಲ. ಹೆದರಿದ್ದ, ಅಷ್ಟೇ. ಗೆರೆ ಬಿಟ್ಟು ಒಂದು ಹೆಜ್ಜೆ ಮುಂದೆ ಬರುತ್ತಿರಲಿಲ್ಲ. ಗೋಲಿ ಹಿಂದಿನಿಂದ ಸಣ್ಣ ದನಿಯಲ್ಲಿ, ಮುಂದ ಬಾ ಬೇಟಾ, ಮುಂದ ಬಾ, ಅನ್ನುತ್ತಲೇ ಇದ್ದ. ಒಮ್ಮೆ ಆ ಹುಡುಗ ಕೇಳಿಸಿಕೊಂಡ. ಮುಂದೆ ನುಗ್ಗಿ ಚೆಂಡನ್ನು ಎದೆಗೆ ಅವುಚಿಕೊಂಡ. ಮೈದಾನವೆಲ್ಲ ಆ ಹುಡುಗನ ಹೆಸರು ಹಿಡಿದು ಕೂಗಿತು, ಆಫೀಸರು ಚಪ್ಪಾಳೆ ಹೊಡೆದರು. ಗೋಲಿಯ ಎರಡೂ ಕೈ ತನ್ನ ಎದೆಯ ಮೇಲಿದ್ದವು. ಅವನು ನಕ್ಕದ್ದನ್ನು ಆ ವರ್ಷ ನಾನು ನೋಡಿದ್ದು ಅದೊಂದೇ ಸಲ.

ಆದರೂ ಸೋತೆವು. ಎರಡು ಗೋಲು ಹೋದವು. ಆಟ ಮುಗಿದ ಮೇಲೆ ಚಿಂತಾಕಿಯವನು ಮತ್ತೆ ಕಿಡಿಕಾರಿದ. ನಾಳೆಯೇ ವಕೀಲರ ಮನೆಗೆ ಹೋಗೋಣ, ಆಟ ಗೊತ್ತಿರುವವನು ನೀನು, ಈ ಸಲ ನೀನೇ ಎದುರಿಗೆ ನಿಂತು ಹೇಳು ಅಂತ ಗೋಲಿಯ ಬೆನ್ನು ಹತ್ತಿದ.

"ನಾ ಹೋದ್ರ ಪಾನ್ ಕೊಡ್ತಾರ," ಅಂದ ಗೋಲಿ, ಕುದುರೆ ಹೂಡುತ್ತ.

ಚಿದ್ರಿಯಲ್ಲಿ ಇಳಿದು ನಾನು ಬಾಡಿಗೆ ಮುಂದೆ ಹಿಡಿದೆ. ಅವನು ನನ್ನ ಕೈಯನ್ನು ಮೊದಲಿನ ಹಾಗೆಯೇ ಹಿಂದಕ್ಕೆ ತಳ್ಳಿದ. ನೀನೆಲ್ಲಿ ಆಡಿದೆ, ಸುಮ್ಮನೆ ತಗೋ ಎಂದು ನಾನು ರೇಗಿದೆ.

"ಇವತ್ತ ಎರಡು ಗೋಲು ಬಿಟ್ಟೀವಲ್ರಿ ಮಾಸ್ತರ್ರ," ಅಂದು ಲಗಾಮು ಜಗ್ಗಿದ.