ಜರಿಯ ಕೋಟಿನ ಸಾರುವವ

ಇಂಗ್ಲೆಂಡಿನ ನಮ್ಮ ಹಳೆಯ ಊರಿನಲ್ಲಿ ಸಾರುವವನಿಗೆ ಸಂಬಳವಿಲ್ಲ. ಕೆಂಪು ಕೋಟು, ಮೂರು ಮೂಲೆಯ ಟೋಪಿ, ಒಂದು ಕೈಗಂಟೆ, ಅಷ್ಟೇ. ಶನಿವಾರದ ಸಂತೆಯಲ್ಲಿ ಕೌನ್ಸಿಲ್ ಕೊಟ್ಟ ಸುದ್ದಿಯನ್ನು ಕೂಗಿ, ಕೊನೆಗೆ ದೊರೆಗೆ ಜೈಕಾರ ಹಾಕುವುದು ಕ್ಲೆಮೆಂಟ್ ಹರೆಲ್‌ನ ಕೆಲಸ.

ಈ ಸಲ ಕೌನ್ಸಿಲ್ ವೃದ್ಧರನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರವನ್ನೇ ಮುಚ್ಚಿತು. ಮರೆವಿನ ಕಾಯಿಲೆಯ ಹೆಂಡತಿ ಏವಿಸ್‌ಳನ್ನು ಕ್ಲೆಮೆಂಟ್ ಬಿಟ್ಟು ಬರುತ್ತಿದ್ದ ಒಂದೇ ಜಾಗ ಅದು. ನಾಚಿಕೆಗೆಟ್ಟ ಅದೇ ಸಭೆಯಲ್ಲಿ ಅವನ ಕೋಟಿಗೆ ಹೊಸ ಜರಿ ಮಂಜೂರಾಯಿತು!

"ಕೇಂದ್ರ ಮುಚ್ಚಿದ್ದನ್ನೂ ನನ್ನ ಬಾಯಲ್ಲೇ ಹೇಳಿಸ್ಬೇಕಾ, ಮೇಯರಮ್ಮ?" ಎಂದು ಕ್ಲೆಮೆಂಟ್ ಕೇಳಿದ.

"ನೀವು ಹೇಳಿದ್ರೆ ಜನ ಬೇಜಾರು ಮಾಡ್ಕೊಳ್ಳಲ್ಲ, ಕ್ಲೆಮ್. ನಿಮ್ಮನ್ನ ಕಂಡ್ರೆ ಎಲ್ರಿಗೂ ಇಷ್ಟ," ಎಂದರು ಮೇಯರ್.

ಒಲ್ಲೆ ಎಂದಿದ್ದರೆ ಗಂಟೆ ಇನ್ನೊಬ್ಬರ ಕೈಗೆ ಹೋಗುತ್ತಿತ್ತು, ಕೇಂದ್ರದ ಬೀಗ ಹಾಗೇ ಇರುತ್ತಿತ್ತು.

ಶನಿವಾರ ಗಂಟೆ ಬಾರಿಸಿದ. "ಏನ್ ಕ್ಲೆಮ್, ಮತ್ತೆ ಯಾರ ನಾಯಿ ಕಳೆದೋಯ್ತು?" ಎಂದು ಮೀನಿನಂಗಡಿಯವನು ಕೆಣಕಿದ. ಕ್ಲೆಮೆಂಟ್ ಒಂದಕ್ಷರ ಬಿಡದೆ ಸಾರಿದ, ದೊರೆಗೆ ಜೈ ಎಂದ. ಪ್ರವಾಸಿಗರು ಫೋಟೋ ತೆಗೆದು ಚಪ್ಪಾಳೆ ತಟ್ಟಿದರು. ಬಿಟ್ಟು ಬರಲು ಜಾಗವಿಲ್ಲದೆ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದ ಏವಿಸ್ ಎಲ್ಲರಿಗಿಂತ ಜೋರಾಗಿ ತಟ್ಟಿದಳು.